ಮೊಡವೆಗೆ ಅಂಕ: ನಾನು ಎಡವಿದ ಗುಣಾಕಾರ

ಮೊಡವೆಯ ತೀವ್ರತೆಯನ್ನು ಅಳೆಯಲು ಹಲವು ವಿಧಾನಗಳಿವೆ. ನನ್ನನ್ನು ಎರಡು ದಿನ ಸತಾಯಿಸಿದ್ದು 1997ರ ಗ್ಲೋಬಲ್ ಆ್ಯಕ್ನೆ ಗ್ರೇಡಿಂಗ್ ಸಿಸ್ಟಮ್, ಚಿಕ್ಕದಾಗಿ ಗ್ಯಾಗ್ಸ್. ಲೆಕ್ಕ ಈಗಷ್ಟೇ ತಲೆಗೆ ಹತ್ತಿದೆ, ಜಾರುವ ಮುನ್ನ ಬರೆದಿಡುತ್ತೇನೆ.

ಜಾಗಗಳು ಆರು, ಪ್ರತಿಯೊಂದಕ್ಕೂ ಒಂದು ಗುಣಾಂಕ. ಹಣೆಗೆ 2, ಬಲಗೆನ್ನೆಗೆ 2, ಎಡಗೆನ್ನೆಗೆ 2, ಮೂಗಿಗೆ 1, ಗದ್ದಕ್ಕೆ 1, ಎದೆ ಮತ್ತು ಮೇಲ್ಬೆನ್ನು ಸೇರಿ 3. ಗುಳ್ಳೆಯ ಬಗೆಗೂ ಅಂಕವಿದೆ: ರಂಧ್ರ ಕಟ್ಟಿಕೊಂಡು ಕಪ್ಪು ಇಲ್ಲವೇ ಬಿಳಿ ಚುಕ್ಕೆಯಾಗುವ ಕಾಮಿಡೋನ್ 1, ಕೀವಿಲ್ಲದ ಕೆಂಪು ಉಬ್ಬು ಪ್ಯಾಪ್ಯೂಲ್ 2, ಕೀವು ತುಂಬಿದ ಪಶ್ಚ್ಯೂಲ್ 3, ಆಳದ ಗಟ್ಟಿ ಗಂಟು ನಾಡ್ಯೂಲ್ 4. ಏನೂ ಇಲ್ಲದಿದ್ದರೆ ಸೊನ್ನೆ.

ಎಡವಿದ್ದು ಇಲ್ಲಿ. ಬಲಗೆನ್ನೆಯಲ್ಲಿ ಕಾಮಿಡೋನ್, ಪ್ಯಾಪ್ಯೂಲ್, ಪಶ್ಚ್ಯೂಲ್ ಮೂರೂ ಇವೆ ಎಂದುಕೊಳ್ಳಿ. ನಾನು 1+2+3 ಕೂಡಿ, 2ರಿಂದ ಗುಣಿಸಿ 12 ಬರೆದೆ. ತಪ್ಪು. ಆ ಜಾಗದ ಅತಿ ತೀವ್ರ ಗುಳ್ಳೆಯೊಂದೇ ಲೆಕ್ಕಕ್ಕೆ ಬರುತ್ತದೆ, ಉಳಿದವು ಎಷ್ಟೇ ಇದ್ದರೂ ಇಲ್ಲದಂತೆಯೇ. ಪಶ್ಚ್ಯೂಲ್ 3, ಗುಣಾಂಕ 2, ಉತ್ತರ 6.

ಒಬ್ಬ ರೋಗಿಯ ಪೂರ್ತಿ ಲೆಕ್ಕ ನೋಡೋಣ. ಹಣೆಯಲ್ಲಿ ಬರೀ ಕಾಮಿಡೋನ್: 2. ಬಲಗೆನ್ನೆ: 6. ಎಡಗೆನ್ನೆಯಲ್ಲಿ ಕಾಮಿಡೋನ್ ಜೊತೆಗೆ ಪ್ಯಾಪ್ಯೂಲ್: 4. ಮೂಗಿನಲ್ಲಿ ಕಾಮಿಡೋನ್: 1. ಗದ್ದದಲ್ಲಿ ಒಂಟಿ ನಾಡ್ಯೂಲ್: 4. ಬೆನ್ನಿನಲ್ಲಿ ಪ್ಯಾಪ್ಯೂಲ್: 6. ಒಟ್ಟು 23. ನನ್ನ ಹಳೆಯ ಲೆಕ್ಕದಲ್ಲಿ ಬಲಗೆನ್ನೆ 12, ಎಡಗೆನ್ನೆ 6 ಆಗಿ ಮೊತ್ತ 31ಕ್ಕೆ ಏರಿತ್ತು. 1ರಿಂದ 18 ಸೌಮ್ಯ, 19ರಿಂದ 30 ಮಧ್ಯಮ, 31ರಿಂದ 38 ತೀವ್ರ, ಅದರಾಚೆ ಅತಿ ತೀವ್ರ. ಕೂಡಿದ ತಪ್ಪಿಗೆ ಮಧ್ಯಮದ ರೋಗಿ ತೀವ್ರದ ಸಾಲಿಗೆ ಸೇರಿಬಿಟ್ಟಿದ್ದರು!

ಗರಿಷ್ಠ ಮೊತ್ತ 44. ಗುಣಾಂಕಗಳ ಮೊತ್ತ 11, ಅದನ್ನು 4ರಿಂದ ಗುಣಿಸಿದರೆ ಅಷ್ಟೇ. ಉತ್ತರ ಅದನ್ನು ದಾಟಿದರೆ ಎಲ್ಲೋ ಕೂಡಿದ್ದೀರಿ ಎಂದರ್ಥ.

ಈ ವಿಧಾನದ ಮೇಲೆ ನನಗೊಂದು ತಕರಾರಿದೆ. ಕೆನ್ನೆಯ ಮೇಲೆ ಒಂದು ಪಶ್ಚ್ಯೂಲ್ ಇದ್ದರೂ ಇಪ್ಪತ್ತಿದ್ದರೂ ಅದೇ 6. ಹಾಗಾಗಿ ಪಕ್ಕದಲ್ಲಿ ಎಣಿಕೆಯನ್ನೂ ಬರೆಯುತ್ತೇನೆ. ಎಣಿಸಿಯೇ ದರ್ಜೆ ಕೊಡುವ ಜಪಾನಿನ ಮಾನದಂಡ ಅರ್ಧ ಮುಖದ ಉರಿಯೂತದ ಗುಳ್ಳೆಗಳನ್ನು ನೋಡುತ್ತದೆ: 5ರವರೆಗೆ ಸೌಮ್ಯ, 6ರಿಂದ 20 ಮಧ್ಯಮ, 21ರಿಂದ 50 ತೀವ್ರ, ಅದಕ್ಕೂ ಮೇಲೆ ಅತಿ ತೀವ್ರ.

ಪ್ಯಾಪ್ಯೂಲೋ ನಾಡ್ಯೂಲೋ ಎಂಬ ಗೊಂದಲಕ್ಕೆ ಸ್ಕೇಲೇ ಮದ್ದು: ಸುಮಾರು 5 ಮಿಲಿಮೀಟರ್ ದಾಟಿ, ಬೆರಳಿಗೆ ಆಳದಲ್ಲಿ ಗಟ್ಟಿಯಾಗಿ ಸಿಕ್ಕರೆ ನಾಡ್ಯೂಲ್. ಮುಚ್ಚಿದ ಕಾಮಿಡೋನ್ ಎದುರು ಬೆಳಕಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಚರ್ಮವನ್ನು ತುಸು ಎಳೆದು, ಪಕ್ಕದಿಂದ ಬೆಳಕು ಬಿಟ್ಟರೆ ಸಣ್ಣ ಬಿಳಿ ಉಬ್ಬಾಗಿ ಕಾಣುತ್ತದೆ. ಗುಳ್ಳೆ ಮಾಗಿ ಉಳಿದ ಕಂದು ಕಲೆಗಾಗಲಿ, ಕುಳಿಗಾಗಲಿ ಗ್ಯಾಗ್ಸ್‌ನಲ್ಲಿ ಅಂಕವಿಲ್ಲ. ಅಂಗಿ ತೆಗೆಸದೆ ಮುಖವನ್ನಷ್ಟೇ ನೋಡಿ ಮುಗಿಸಿದರೆ 12 ಅಂಕಗಳವರೆಗೆ ಬೆನ್ನಿನಲ್ಲೇ ಉಳಿದುಬಿಡುತ್ತವೆ.