‘ಹೊಡೆದಾಟ ಸರಿಯಿಲ್ಲ’ ಎಂದವರು ಎಷ್ಟು ಗಂಟೆ ಆಡಿದ್ದರು?

ಆಟ ಬಿಡುಗಡೆಯಾದ ಕೆಲವು ವಾರಗಳಿಗೆ ಅದನ್ನು ಕಟ್ಟಿದ ತಂಡದವರಿಂದ ಸಲಹೆಗೆಂದು ನನ್ನ ಕೈಗೆ ಬರುವ ಹಾಳೆ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ತಾಣದಲ್ಲಿರುವ ಆಟಗಾರರ ಅಭಿಪ್ರಾಯಗಳನ್ನೆಲ್ಲ ಇಳಿಸಿಕೊಂಡು, ‘ಕಥೆ ಚೆನ್ನಾಗಿದೆ’ ಎಂದವರು ಇಷ್ಟು, ‘ನಗರದ ಚಿತ್ರಣ ಸೊಗಸಾಗಿದೆ’ ಎಂದವರು ಇಷ್ಟು, ‘ಹೊಡೆದಾಟ ಸರಿಯಿಲ್ಲ’ ಎಂದವರು ಇಷ್ಟು ಎಂದು ಎಣಿಸಿರುತ್ತಾರೆ. ಕೊನೆಯ ಸಾಲಿಗೆ ಕೆಂಪು ಬಣ್ಣ. ಅದರ ಕೆಳಗೆ ಒಂದು ಪ್ರಶ್ನೆ: ಹೊಡೆದಾಟವನ್ನು ಮೊದಲಿನಿಂದ ಕಟ್ಟಬೇಕೇ?

ಆ ಹಾಳೆಯಲ್ಲಿ ಒಂದು ಕಾಲಂ ಇರುವುದೇ ಇಲ್ಲ. ಅಭಿಪ್ರಾಯ ಬರೆಯುವ ಹೊತ್ತಿಗೆ ಆಟಗಾರರು ಎಷ್ಟು ಗಂಟೆ ಆಡಿದ್ದರು ಎಂಬುದನ್ನು ಸ್ಟೀಮ್ ಪ್ರತಿಯೊಂದರ ಜೊತೆಗೂ ತೋರಿಸುತ್ತದೆ. ಮಾತನ್ನು ಇಳಿಸಿಕೊಂಡವರು ಆ ಅಂಕಿಯನ್ನು ಅಲ್ಲಿಯೇ ಬಿಟ್ಟು ಬಂದಿರುತ್ತಾರೆ. ನನ್ನ ಮಟ್ಟಿಗೆ ಮಾತಿಗಿಂತ ಮೊದಲು ಓದಬೇಕಾದದ್ದು ಅದನ್ನೇ.

ಎಷ್ಟು ಸಲ ಹೇಳಿದರೂ ಮತ್ತೆ ಅದೇ ಹಾಳೆ ಬರುವುದರಿಂದ ಇದನ್ನು ಸ್ವಲ್ಪ ಉದ್ದವಾಗಿಯೇ ವಿವರಿಸುತ್ತೇನೆ. ಪಕ್ಕನೋಟದ, ಅಂದರೆ ಪಾತ್ರವನ್ನು ಬದಿಯಿಂದ ತೋರಿಸುವ, ಸೈಬರ್‌ಪಂಕ್ (ಯಂತ್ರಗಳೂ ಜಾಲಗಳೂ ಆಳುವ ಮುಂದಿನ ಕಾಲದ ನಗರದ) ಆರ್‌ಪಿಜಿಯೊಂದನ್ನು (ಪಾತ್ರವೊಂದನ್ನು ಬೆಳೆಸುತ್ತ ಆಡುವ ಆಟವನ್ನು) 40 ನಿಮಿಷ ಆಡಿದವನು ‘ಹೊಡೆದಾಟ ಸರಿಯಿಲ್ಲ’ ಎಂದರೆ ಅದು ಸಾಮಾನ್ಯವಾಗಿ ಬೆರಳಿನ ದೂರು. ಬಟನ್ ಒತ್ತಿದ, ಏಟು ತಡವಾಗಿ ಬಿತ್ತು; ತಪ್ಪಿಸಿಕೊಳ್ಳಲು ಹೋದ, ಪಾತ್ರ ಕದಲಲಿಲ್ಲ. 4 ಗಂಟೆ ಆಡಿದವಳು ಅದೇ ಮಾತು ಹೇಳಿದರೆ ಅದು ಬಹುಮಟ್ಟಿಗೆ ದಾರಿಯ ದೂರು. ಪಾತ್ರದ ಕೌಶಲ ಬೆಳೆಸಲು ಸಿಗುವ ತನ್ನ ಸ್ಕಿಲ್ ಪಾಯಿಂಟ್‌ಗಳನ್ನೆಲ್ಲ ಹ್ಯಾಕಿಂಗ್‌ಗೂ ಮಾತುಗಾರಿಕೆಗೂ ಹಾಕಿಕೊಂಡು ಬಂದವಳನ್ನು ಆಟವು ಹೊಡೆದಾಡದೆ ಹೊರಬರಲಾಗದ ಕೋಣೆಯೊಂದಕ್ಕೆ ನೂಕಿದೆ. ಇನ್ನು 15 ಗಂಟೆ ಆಡಿದವನದು ಬೇಸರ. ದೇಹಕ್ಕೆ ಒಂದೊಂದಾಗಿ ಬಲ ಕೊಡುವ ಯಂತ್ರಭಾಗ (ಇಂಪ್ಲಾಂಟ್) ಕೂರಿಸಿಕೊಂಡು ಅವನ ಪಾತ್ರ ಎಷ್ಟು ಬಲಿತಿದೆಯೆಂದರೆ ಎದುರಾಳಿಗಳು ಒಂದೇ ಏಟಿಗೆ ಉರುಳುತ್ತಾರೆ. ಮೊದಲನೆಯ ದೂರಿಗೆ ಮದ್ದು ಅನಿಮೇಷನ್‌ನಲ್ಲಿದೆ, ಎರಡನೆಯದಕ್ಕೆ ಆ ಕೋಣೆಯ ವಿನ್ಯಾಸದಲ್ಲಿದೆ, ಮೂರನೆಯದಕ್ಕೆ ಎದುರಾಳಿಗಳ ಬಲಾಬಲ ಬರೆದಿಟ್ಟ ಕೋಷ್ಟಕದಲ್ಲಿದೆ. ಮೂವರನ್ನೂ ಒಂದೇ ರಾಶಿಗೆ ಹಾಕಿ, ಮೊದಲನೆಯವನ ಸಮಾಧಾನಕ್ಕೆಂದು ಹೊಡೆದಾಟವನ್ನು ಸಲೀಸು ಮಾಡಿದಿರಿ ಎನ್ನಿ. ಮೂರನೆಯವನ ಬೇಸರ ಇಮ್ಮಡಿಯಾಗುತ್ತದೆ, ಎರಡನೆಯವಳು ಆ ಕೋಣೆಯಲ್ಲೇ ಉಳಿಯುತ್ತಾಳೆ.

ಇದು ಕಟ್ಟುನಿಟ್ಟಿನ ಸೂತ್ರವಲ್ಲ ಎಂಬ ಎಚ್ಚರ ಇರಲಿ. ಆಟ ತೆರೆದಿಟ್ಟು ನಿದ್ದೆ ಹೋದವರ ಗಂಟೆಗಳೂ ಲೆಕ್ಕಕ್ಕೆ ಸೇರುತ್ತವೆ. ಖರೀದಿಸಿದ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಲು ಸ್ಟೀಮ್ ಅವಕಾಶ ಕೊಡುವುದರಿಂದ, ಆ ಗಡಿಯ ಈಚೆಗಿನ ಮಾತುಗಳಲ್ಲಿ ‘ಇಟ್ಟುಕೊಳ್ಳಲೋ ಬೇಡವೋ’ ಎಂಬ ತೂಗಾಟವೂ ಬೆರೆತಿರುತ್ತದೆ. ಅವನ್ನು ತಳ್ಳಿಹಾಕಬೇಡಿ, ಬೇರೆ ಹಾಳೆಯಲ್ಲಿ ಇಟ್ಟು ಓದಿ.

ಈ ಗೊಂದಲ ಪಕ್ಕನೋಟದ ಆಟಗಳಲ್ಲಿ ಹೆಚ್ಚು. ಅದಕ್ಕೆ ಕಾರಣ ಆ ನೋಟದಲ್ಲಿಯೇ ಇದೆ. ಮೇಲಿನಿಂದ ನೋಡುವ ಆಟದಲ್ಲಿ ಕಾವಲುಗಾರನನ್ನು ಸುತ್ತುಬಳಸಿ ಹೋಗುವ ಹಾದಿ ಕಣ್ಣೆದುರಿಗೇ ಇರುತ್ತದೆ. ಪಕ್ಕದಿಂದ ನೋಡಿದಾಗ ನೀವು ಮತ್ತು ಅವನು ಒಂದೇ ಗೆರೆಯ ಮೇಲೆ ನಿಂತಿರುತ್ತೀರಿ. ಗಾಳಿಕೊಳವೆಯ ಬಾಯಿ ಪರದೆಯ ಮೇಲಂಚಿನಾಚೆ, ಹ್ಯಾಕ್ ಮಾಡಬಹುದಾದ ಕ್ಯಾಮರಾ ಬಲ ಅಂಚಿನಾಚೆ. ಕಾಣುವುದು ಎದುರಾಳಿಯೊಬ್ಬನೇ. ಜೊತೆಗೆ, ಈ ನೋಟದ ಆಟಗಳನ್ನು ಆಡಿ ಬೆಳೆದವರ ಬೆರಳಿಗೆ ಒತ್ತಿದ ಕ್ಷಣವೇ ಏಟು ಬೀಳಬೇಕೆಂಬ ರೂಢಿಯಿದೆ. ಆರ್‌ಪಿಜಿಯಲ್ಲಿಯೋ ಏಟಿನ ಬಲ ನಿರ್ಧರಿಸುವುದು ಪಾತ್ರದ ಅಂಕಿಗಳು. ಅಂಕಿ ಕಡಿಮೆಯಿದ್ದು ಏಟು ಸಪ್ಪೆಯಾದರೂ ಆಟಗಾರ ಬಯ್ಯುವುದು ಬಟನ್ನನ್ನೇ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಅಂಕಿಯಿಂದ ಹಾಗಾಯಿತು ಎಂದು ಆಟ ಅವನಿಗೆ ತಿಳಿಸಿಲ್ಲ.

ಜೆಕ್ ದೇಶದ ಡ್ರೆಡ್‌ಲಾಕ್ಸ್ ತಂಡ ಕಿಕ್‌ಸ್ಟಾರ್ಟರ್ ತಾಣದ ಮೂಲಕ ಜನರಿಂದ ಹಣ ಕೂಡಿಸಿ 2015ರಲ್ಲಿ ಹೊರತಂದ ‘ಡೆಕ್ಸ್’ ಆಟವನ್ನು ಇದೇ ಕಾರಣಕ್ಕೆ ನಾನು ಮತ್ತೆ ಮತ್ತೆ ತೆರೆದು ತೋರಿಸುತ್ತೇನೆ. ನೀಲಿ ಕೂದಲಿನ ನಾಯಕಿ, ಹಾರ್ಬರ್ ಪ್ರೈಮ್ ಎಂಬ ನಗರ. ಅಲ್ಲಿ ಕೈಕೈ ಮಿಲಾಯಿಸಬಹುದು, ಗುಂಡು ಹಾರಿಸಬಹುದು, ಮಾತಿನಿಂದ ದಾರಿ ಬಿಡಿಸಿಕೊಳ್ಳಬಹುದು, ಹ್ಯಾಕ್ ಮಾಡಬಹುದು. ಸೈಬರ್‌ಸ್ಪೇಸ್‌ಗೆ (ಕಂಪ್ಯೂಟರ್ ಜಾಲದೊಳಗಿನ ಲೋಕಕ್ಕೆ) ಇಳಿದರೆ ಆಟದ ಸ್ವರೂಪವೇ ಬದಲಾಗಿ ಮೇಲಿನಿಂದ ನೋಡುವ ಗುಂಡಿನಾಟವಾಗುತ್ತದೆ. ನಗರವನ್ನೂ ವಾತಾವರಣವನ್ನೂ ಮೆಚ್ಚಿ, ಹೊಡೆದಾಟದ ಬಗ್ಗೆ ಗೊಣಗಿದವರು ಅದಕ್ಕೂ ಇದ್ದರು. ಹಾಗಿದ್ದರೂ ಅದನ್ನು ಪ್ರೀತಿಸಿದವರು ಕೊನೆಯವರೆಗೂ ಆಡಿದರು. ಹೊಡೆದಾಟ ಅವರಿಗೆ ಹಲವು ದಾರಿಗಳಲ್ಲಿ ಒಂದಾಗಿ ಕಂಡಿತೆಂದು ನನ್ನ ಊಹೆ. ಒಂದೇ ದಾರಿ ಎಂದುಕೊಂಡು ಆಡಿದವರಿಗೆ ಅದೇ ಹೊಡೆದಾಟ ತಡೆಗೋಡೆಯಾಗುತ್ತದೆ.

ಹಿಂದೊಮ್ಮೆ ಮೂವರ ಪುಟ್ಟ ತಂಡವೊಂದು ನನ್ನ ಮಾತು ಕೇಳುವ ಮೊದಲೇ ಐದು ತಿಂಗಳು ಕೂತು ಏಟುಗಳ ಅನಿಮೇಷನ್ ಎಲ್ಲವನ್ನೂ ಹೊಸದಾಗಿ ಬರೆಯಿತು. ಕೆಲಸ ನಿಜಕ್ಕೂ ಅಂದವಾಗಿತ್ತು. ದೂರು ಮಾತ್ರ ಕಡಿಮೆಯಾಗಲಿಲ್ಲ. ಗಂಟೆಗಳ ಕಾಲಂ ಸೇರಿಸಿ ನೋಡಿದಾಗ ಅತೃಪ್ತರಲ್ಲಿ ಬಹುಪಾಲು ಮಂದಿ ಮೂರನೆಯ ಮತ್ತು ಐದನೆಯ ಗಂಟೆಯ ನಡುವೆ ನಿಂತುಬಿಟ್ಟಿದ್ದರು. ಅಲ್ಲಿ ಇದ್ದದ್ದು ಒಂದು ಲಿಫ್ಟ್. ಅದನ್ನು ಹತ್ತಿದರೆ ಬಾಗಿಲು ಮುಚ್ಚುತ್ತದೆ, ನಾಲ್ವರು ಎದುರಾಗುತ್ತಾರೆ, ಹಿಂದಕ್ಕೆ ಹೋಗುವಂತಿಲ್ಲ. ಲಿಫ್ಟಿನ ಗೋಡೆಗೆ ಹ್ಯಾಕ್ ಮಾಡಬಹುದಾದ ಫಲಕವೊಂದನ್ನು ಇಟ್ಟದ್ದು ಎರಡು ದಿನದ ಕೆಲಸ. ಆ ಐದು ತಿಂಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಅವರಲ್ಲೊಬ್ಬರು ಅಷ್ಟರಲ್ಲಿ ದಣಿದು ಕೆಲಸವನ್ನೇ ಬಿಟ್ಟಿದ್ದರು.

ಅಭಿಪ್ರಾಯಗಳನ್ನು ಒಟ್ಟುಗೂಡಿಸಿ ಸ್ಟೀಮ್ ತೋರಿಸುವ ಶೇಕಡಾವಾರಿನ ಬಗ್ಗೆ ಎರಡು ಮಾತು ಸಾಕು. ಉದಾಹರಣೆಗೆ, ಶೇ 76 ಎಂಬುದು ಪರೀಕ್ಷೆಯ ಅಂಕವಲ್ಲ. ಅಭಿಪ್ರಾಯ ಬರೆದ ನೂರರಲ್ಲಿ 76 ಮಂದಿ ಬೇರೆಯವರಿಗೂ ಆಡಲು ಹೇಳಿದ್ದಾರೆ ಎಂದಷ್ಟೇ ಅದರ ಅರ್ಥ. ‘ಪರವಾಗಿಲ್ಲ, ಆಡಬಹುದು’ ಎಂದವರೂ ಮನಸೋತವರೂ ಅದರಲ್ಲಿ ಸರಿಸಮ.

ಬಹಳ ಹೊತ್ತು ಆಡಿಯೂ ಬೇಡವೆಂದವರನ್ನು ತಂಡಗಳು ಬೇಗ ಹಗುರವಾಗಿ ಕಾಣುತ್ತವೆ. ‘41 ಗಂಟೆ ಆಡಿದವನಿಗೆ ಇಷ್ಟವಾಗದೆ ಇರುತ್ತದೆಯೇ?’ ಎಂದು ಒಬ್ಬರು ನನ್ನನ್ನು ಕೇಳಿದ್ದರು. ಆ ಆಟಗಾರ ಬರೆದದ್ದನ್ನು ನಾವು ಜೊತೆಯಲ್ಲಿ ಕೂತು ಓದಿದೆವು. ಹೊಡೆದಾಟದ ಸುದ್ದಿಯೇ ಅದರಲ್ಲಿರಲಿಲ್ಲ. ಆಟದ ಆರಂಭದಲ್ಲಿ ಅವನು ಉಳಿಸಿದ್ದ ಔಷಧಿ ಮಾರುವ ಮುದುಕಿಯೊಬ್ಬಳು ಕೊನೆಯಲ್ಲಿ ಅವನನ್ನು ಗುರುತೇ ಇಲ್ಲದವಳಂತೆ ಮಾತಾಡಿಸುತ್ತಾಳೆ. ಅವನನ್ನು ನೋಯಿಸಿದ್ದು ಅಷ್ಟೇ. ತಂಡದವರು ಆ ಮುದುಕಿಗೆ ನಾಲ್ಕು ಸಾಲು ಮಾತು ಸೇರಿಸಿದರು, ಅವನಿಗೆ ಅಲ್ಲಿಯೇ ಉತ್ತರವನ್ನೂ ಬರೆದರು. ಅವನು ತನ್ನ ತೀರ್ಪನ್ನು ಬದಲಿಸಲಿಲ್ಲ. ಆದರೆ ಮರುವಾರ ನೋಡಿದಾಗ ಅವನ ಹೆಸರಿನ ಪಕ್ಕದ ಗಂಟೆ 58 ಆಗಿತ್ತು.