ಚೀರ್ ಪೈನ್ ರಾಳ: ಮರದ ಗಾಯ ಓದುವ ಬಗೆ, ಹಳೆ ಪರಿಕರ ಉಳಿಸುವ ಬಗೆ

ಚೀರ್ ಪೈನ್ ಹಿಮಾಲಯದ ಕಡೆಯ ಮರ, ನಮ್ಮ ಜೋಗಿಮಟ್ಟಿ ಕಾಡಿನಲ್ಲಾಗಲಿ ರಂಗಯ್ಯನದುರ್ಗದ ಕಾಡಿನಲ್ಲಾಗಲಿ ಪೈನ್ ತಾನಾಗಿ ಬೆಳೆಯುವುದಿಲ್ಲ. ಹಾಗಾಗಿ ದಾವಣಗೆರೆ, ಚಿತ್ರದುರ್ಗದಲ್ಲಿ ಕೂತು ಅರಣ್ಯಶಾಸ್ತ್ರ ಓದುವವರು ಪೈನ್ ಮರದಿಂದ ರಾಳ ತೆಗೆಯುವ ಪಾಠವನ್ನು ಬಾಯಿಪಾಠ ಮಾಡಿ ಮುಗಿಸಿಬಿಡುತ್ತಾರೆ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಅಲ್ಲೇ ಎಡವುತ್ತಾರೆ.

ಹೆಸರಿನ ಗೋಜಲು

ಅಂಟಿನುಂಡೆಗೆ ಹಾಕುವ ಅಂಟು ರಾಳವಲ್ಲ, ಗೋಂದು. ಅದು ನೀರಿನಲ್ಲಿ ನೆನೆಯುತ್ತದೆ, ಕಾದ ತುಪ್ಪಕ್ಕೆ ಬಿದ್ದರೆ ಅರಳುತ್ತದೆ. ರಾಳ ನೀರಿಗೆ ಜಗ್ಗುವುದಿಲ್ಲ. ಸ್ಪಿರಿಟ್‌ನಲ್ಲಿ ಕರಗುತ್ತದೆ, ಬಿಸಿಗೆ ಮೆತ್ತಗಾಗಿ ಹರಿಯುತ್ತದೆ. ಅರಗು ಮರದ್ದೇ ಅಲ್ಲ, ಕೀಟದ್ದು.

ಪೈನ್ ಮರದಿಂದ ಇಳಿಯುವ ಹಸಿ ರಾಳಕ್ಕೆ ಉತ್ತರಾಖಂಡದ ಕುಮಾವೂನ್ ಕಡೆ ಲೀಸಾ ಎನ್ನುತ್ತಾರೆ. ಅದನ್ನು ಹಬೆಯಲ್ಲಿ ಬಟ್ಟಿ ಇಳಿಸಿದಾಗ ಆವಿಯಾಗಿ ಹೋಗಿ ತಣಿದು ಬರುವುದು ಟರ್ಪೆಂಟೈನ್, ತಳದಲ್ಲಿ ಉಳಿಯುವ ಗಾಜಿನಂಥ ಗಟ್ಟಿ ರೋಸಿನ್. 100 ಕಿಲೋ ಲೀಸಾಗೆ ಅಂದಾಜು 70-75 ಕಿಲೋ ರೋಸಿನ್, 15-20 ಕಿಲೋ ಟರ್ಪೆಂಟೈನ್. ಉಳಿದದ್ದು ನೀರು, ತೊಗಟೆ ಚೂರು, ಕಸ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸೋಲ್ಡರಿಂಗ್ ಕಡ್ಡಿ ಅದ್ದುವ ಜೇನುಬಣ್ಣದ ಹೆಂಟೆ ಇದೆಯಲ್ಲ, ಅದು ರೋಸಿನ್. ಹಿಂದಿಯ ಬಿರೋಜಾ ಎಂಬ ಪದ ಹಸಿ ರಾಳಕ್ಕೂ ರೋಸಿನ್‌ಗೂ ಓಡಾಡುತ್ತದೆ, ಸಂದರ್ಭ ನೋಡಿಕೊಳ್ಳಿ.

ರೋಸಿನ್ ದರ್ಜೆಯನ್ನು ಬಣ್ಣದಿಂದ ಹೇಳುತ್ತಾರೆ: ಎಕ್ಸ್, ಡಬ್ಲ್ಯೂಡಬ್ಲ್ಯೂ, ಡಬ್ಲ್ಯೂಜಿ, ಎನ್, ಎಂ, ಕೆ ಹೀಗೆ ಬಿ ತನಕ. ಇಂಗ್ಲಿಷ್ ವರ್ಣಮಾಲೆಯಲ್ಲಿ ಹಿಂದಕ್ಕೆ ಹೋದಷ್ಟೂ ಬಣ್ಣ ಕಪ್ಪು, ಬೆಲೆ ಕಡಿಮೆ. ಇಷ್ಟು ನೆನಪಿದ್ದರೆ ಪಟ್ಟಿ ಬೇಡ.

ಗಾಯ ಓದುವುದು (ಎಲ್ಲರೂ ತಪ್ಪುವ ಜಾಗ)

ರಾಳ ತೆಗೆದ ಮರವೇ ಈ ಕಸುಬಿನ ಮೊದಲ ದಾಖಲೆ. ಗಾಯದ ಆಕಾರ ನೋಡಿ ಯಾವ ವಿಧಾನದ್ದು ಎಂದು ಹೇಳಲು ಬರಬೇಕು.

ಹಳೆಯದು ಕುಡಿಕೆ-ತುಟಿ ವಿಧಾನ. ಫ್ರಾನ್ಸಿನ ಲಾಂಡ್ ಪ್ರದೇಶದಲ್ಲಿ ಬುಡದ ಮರಳಿನ ಗುಂಡಿಯಲ್ಲಿ ರಾಳ ಹಿಡಿಯುತ್ತಿದ್ದರು. 19ನೇ ಶತಮಾನದ ನಡುವಿನಲ್ಲಿ ಪಿಯರ್ ಯೂಗ್ ಮಣ್ಣಿನ ಕುಡಿಕೆಯನ್ನು ಮರಕ್ಕೇ ತೂಗುಹಾಕಿಸಿದ. ನಮ್ಮ ದೇಶದ ಚೀರ್ ಪೈನ್ ಕಾಡಿನಲ್ಲಿ ಇದರ ರೂಪ ಹೀಗೆ: ಸುಮಾರು 15 ಸೆಂ.ಮೀ. ಎತ್ತರ, 10 ಸೆಂ.ಮೀ. ಅಗಲ, 2.5 ಸೆಂ.ಮೀ. ಆಳದ ಕಚ್ಚು, ಅದರ ಕೆಳಗೆ ತಗಡಿನ ತುಟಿ, ತುಟಿಯ ಕೆಳಗೆ ಕುಡಿಕೆ. ವಾರಕ್ಕೊಮ್ಮೆ ಬಾಚಿಯಿಂದ ಕಚ್ಚಿನ ಮೇಲಂಚನ್ನು ತೆಳ್ಳಗೆ ಕೆತ್ತಬೇಕು. ಯಾಕೆಂದರೆ ರಾಳದಲ್ಲಿನ ಟರ್ಪೆಂಟೈನ್ ಆರಿದಂತೆ ಉಳಿದದ್ದು ಗಟ್ಟಿಯಾಗಿ, ರಾಳನಾಳಗಳ ಬಾಯಿ ಕೆಲವೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ.

ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಿಂದ ಬಂದದ್ದು ರಿಲ್ ವಿಧಾನ. ಇದರಲ್ಲಿ ಹಳ್ಳ ತೋಡುವುದಿಲ್ಲ. ತೊಗಟೆಯನ್ನು ಹೆರೆದು ನಯಮಾಡಿ, ನಡುವೆ ಒಂದು ನೇರ ಗೀರು ಎಳೆದು, ಅದರ ಎರಡೂ ಬದಿಗೆ ಸುಮಾರು 40 ಡಿಗ್ರಿ ಓರೆಯಲ್ಲಿ, ಕಟ್ಟಿಗೆಯೊಳಗೆ ಬರೀ 2 ಮಿ.ಮೀ. ಆಳದ ಗೀರು ಹಾಕುತ್ತಾರೆ. ಮೇಲೆ ನೀರು ಬೆರೆಸಿದ ಆಮ್ಲದ ಸಿಂಪಡಣೆ. ಇದು ನಾಳದ ಬಾಯಿ ಮುಚ್ಚುವುದನ್ನು ತಡಮಾಡುತ್ತದೆ. ಋತುವಿನ ಕೊನೆಗೆ ಮೀನಿನ ಮುಳ್ಳಿನಂಥ ಗೆರೆಗಳು ಉಳಿಯುತ್ತವೆ. ಫೋಟೋದಲ್ಲಿ ದೋಣಿಯಂತೆ ತಗ್ಗಿದ ಉದ್ದ ಹಳ್ಳ ಕಂಡರೆ ಕುಡಿಕೆ-ತುಟಿ, ಚಪ್ಪಟೆ ಮೈಮೇಲೆ ಮೀನುಮುಳ್ಳು ಕಂಡರೆ ರಿಲ್. ಬುಡದಲ್ಲಿ ಹೆಬ್ಬೆರಳಿನಷ್ಟು ಅಗಲದ ತೂತು ಕಂಡರೆ ಬೋರ್‌ಹೋಲ್, ಅಲ್ಲಿ ರಾಳ ಕೊಳವೆಯ ಮೂಲಕ ಮುಚ್ಚಿದ ಚೀಲಕ್ಕೆ ಇಳಿಯುತ್ತದೆ.

ಈಗ ತೊಡಕಿನ ಮಾತು. ಆಳೆತ್ತರದಲ್ಲಿ ಗಾಯ ಕಂಡ ತಕ್ಷಣ ‘ಮರ ಬೆಳೆದು ಗಾಯ ಮೇಲೆ ಹೋಗಿದೆ’ ಎಂದು ಬರೆಯುವವರೇ ಹೆಚ್ಚು. ತಪ್ಪು. ಮರ ಎತ್ತರ ಬೆಳೆಯುವುದು ತುದಿಯಲ್ಲಿ ಮಾತ್ರ, ಕಾಂಡ ದಪ್ಪವಾಗುತ್ತದೆ ಅಷ್ಟೆ. ಬೇವಿನ ಮರಕ್ಕೆ ಹೊಡೆದ ಮೊಳೆ ಹತ್ತು ವರ್ಷ ಕಳೆದರೂ ಅದೇ ಎತ್ತರದಲ್ಲಿ ಇರುತ್ತದೆ, ಒಳಗೆ ಹುದುಗುತ್ತದೆ ಹೊರತು ಮೇಲೇರುವುದಿಲ್ಲ. ಪೈನ್‌ನಲ್ಲಿ ಗಾಯ ಮೇಲಿರುವುದು ಕೆತ್ತನೆ ಮೇಲಕ್ಕೆ ಸಾಗಿದ್ದರಿಂದ, ವರ್ಷವರ್ಷವೂ ತುಟಿ ಕಿತ್ತು ಮೇಲೆ ಹೊಡೆದದ್ದರಿಂದ. ಆದ್ದರಿಂದ ಬುಡದ್ದು ಹಳೆಯದು, ತಲೆಯದ್ದು ಹೊಸದು. ತುಟಿಯ ಮೊಳೆ ಸಾಲುಗಳನ್ನು ಕೆಳಗಿನಿಂದ ಎಣಿಸಿದರೆ ಎಷ್ಟು ಸಲ ಸ್ಥಳ ಬದಲಾಗಿದೆ ಎಂಬ ಅಂದಾಜು ಸಿಗುತ್ತದೆ. ಮುಚ್ಚಿಹೋದ ಮೊಳೆಗೆ ಅಯಸ್ಕಾಂತ ಹಿಡಿದು ನೋಡಿ. (ಇದೇ ಮೊಳೆ ಮುಂದೆ ಸಾಮಿಲ್ಲಿನ ಬ್ಲೇಡ್ ಮುರಿಯುತ್ತದೆ.)

ಅಳೆಯುವಾಗ ಇಳಿಜಾರಿನ ಮೇಲ್ಬದಿಯಿಂದ ಅಳೆಯಿರಿ. ಕೆಳಬದಿಯಿಂದ ಅಳೆದರೆ ಮಣ್ಣು ಕೊಚ್ಚಿಹೋದಷ್ಟೂ ಎತ್ತರ ಹೆಚ್ಚಾಗಿ ಕಾಣುತ್ತದೆ. ಅಗಲ, ಆಳ, ದಿಕ್ಕು ಮೂರನ್ನೂ ಬರೆಯಿರಿ. ಗಾಯದ ಪಕ್ಕ ಅಡಿಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಅಂಚು ಕರಿ ಹಿಡಿದಿದ್ದರೆ ಅದನ್ನೂ ಬರೆಯಿರಿ: ಆಳದ ಹಳ್ಳದಲ್ಲಿ ರಾಳ ಉಂಡ ಕಟ್ಟಿಗೆಗೆ ನೆಲದ ಬೆಂಕಿ ಬೇಗ ಹತ್ತುತ್ತದೆ, ಆಮೇಲೆ ಗಾಳಿಗೆ ಅದೇ ಜಾಗದಲ್ಲಿ ಮರ ಮುರಿಯುತ್ತದೆ. ಕಡಿಮೆ ಆಳದ ರಿಲ್ ಬೇಕಾದದ್ದು ಇದಕ್ಕೇ.

ಪರಿಕರ

ಬಾಚಿ, ತೊಗಟೆ ಹೆರೆಯುವ ಕತ್ತಿ, ಗೀರು ಹಾಕುವ ಕತ್ತಿ, ತುಟಿ, ಕುಡಿಕೆ. ಹಿಡಿಯ ಮೇಲಿನ ರಾಳದ ಪದರ ಕೊಳೆಯಲ್ಲ, ಬಳಕೆಯ ಗುರುತು. ತುಕ್ಕು ಹಿಡಿದ ಕಬ್ಬಿಣದ ಭಾಗವನ್ನು ಮಾತ್ರ ಒಣ ಬ್ರಷ್‌ನಿಂದ ಉಜ್ಜಿ. ಗುರುತು ಓದಲು ಎಲ್ಲಾದರೂ ರಾಳ ತೆಗೆಯಲೇಬೇಕಿದ್ದರೆ ಹತ್ತಿಯುಂಡೆಗೆ ಸ್ಪಿರಿಟ್ ಹಚ್ಚಿ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮೊದಲು ನೋಡಿ. ಬಿಸಿನೀರಿಗೆ ಹಾಕಬೇಡಿ: ರೋಸಿನ್ 70-80 ಡಿಗ್ರಿಗೆ ಮೆತ್ತಗಾಗಿ ಹಿಡಿಯ ಕಟ್ಟಿಗೆಯೊಳಗೆ ಇಳಿಯುತ್ತದೆ, ಮಣ್ಣಿನ ಕುಡಿಕೆಯಾದರೆ ರಂಧ್ರಕ್ಕೆ ಹೊಕ್ಕು ಮತ್ತೆ ಬರುವುದೇ ಇಲ್ಲ.

ಟರ್ಪೆಂಟೈನ್‌ನಿಂದ ಒರೆಸುವ ಅಭ್ಯಾಸ ಬಿಡಿ. ಅದರ ಆವಿಗೆ ಕಿಡಿ ತಾಕಿದರೆ ಹೊತ್ತಿಕೊಳ್ಳುವ ಮಟ್ಟ ಸುಮಾರು 35 ಡಿಗ್ರಿ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಅಷ್ಟು ದಾಟುವುದು ಮಾಮೂಲು, ಶೀಟಿನ ಕೋಣೆಯೊಳಗೆ ಇನ್ನೂ ಹೆಚ್ಚು. ರೋಸಿನ್ ಪುಡಿ ಉಸಿರಿಗೆ ಹೋದರೆ ಉಬ್ಬಸ ಕೆಣಕುತ್ತದೆ. ಉಜ್ಜುವಾಗ ಮಾಸ್ಕ್ ಇರಲಿ.

ಉಳಿದದ್ದು ಚುಟುಕಾಗಿ

ಕೈಗಾರಿಕೆಗೆ ನಾಹನ್ ಮತ್ತು ಬಿಲಾಸ್‌ಪುರದ ರೋಸಿನ್-ಟರ್ಪೆಂಟೈನ್ ಕಾರ್ಖಾನೆಗಳು ನೆನಪಿರಲಿ, ಎರಡೂ ಹಿಮಾಚಲದವು. 1921ರಲ್ಲಿ ಕುಮಾವೂನ್‌ನ ಜನ ಬಿಟ್ಟಿ ಚಾಕರಿ ಮತ್ತು ಅರಣ್ಯ ಕಾನೂನಿನ ಸಿಟ್ಟಿಗೆ ಚೀರ್ ಕಾಡಿಗೇ ಬೆಂಕಿ ಇಟ್ಟದ್ದನ್ನು ಬಿಡಬೇಡಿ. ಪ್ರದರ್ಶನಕ್ಕೆ ಬರೀ ಕತ್ತಿ-ಕುಡಿಕೆ ಜೋಡಿಸಿಟ್ಟರೆ ಅರ್ಧ ಕಥೆ. ಹೊರಗಿನ ಉದಾಹರಣೆ ಕೇಳಿದರೆ ಲಾಂಡ್‌ನ ಲುಕ್ಸೇ ಊರಿನಲ್ಲಿ ಉಳಿಸಿಕೊಂಡಿರುವ ಹಳೆ ರಾಳದ ಕಾರ್ಖಾನೆ, ಕೆಳ ಆಸ್ಟ್ರಿಯಾದ ಕರಿ ಪೈನ್ ರಾಳದ ಕಸುಬು.

ಇನ್ನು ಕಾಗದ. ಹಳೆ ಲೀಸಾ ಲೆಕ್ಕದ ರಿಜಿಸ್ಟರ್ ಪುಟ ಕಂದಾಗಿ, ಮಡಿಸಿದಲ್ಲಿ ಚೂರಾಗುವುದಕ್ಕೆ ಗೆದ್ದಲು ಬೇಕಿಲ್ಲ. ಶಾಯಿ ಹರಡದಿರಲೆಂದು ಕಾಗದಕ್ಕೆ ರೋಸಿನ್ ಸೇರಿಸಿ, ಅದು ನಾರಿಗೆ ಅಂಟಲು ಪಟಿಕದ ಜಾತಿಯ ಲವಣ ಹಾಕುವ ಪದ್ಧತಿಯನ್ನು 1807ರಲ್ಲಿ ಇಲಿಗ್ ಎಂಬ ಜರ್ಮನ್ ಪ್ರಕಟಿಸಿದ. ಆ ಲವಣದ ಆಮ್ಲವೇ ನಾರನ್ನು ತಿನ್ನುತ್ತದೆ. ಪೈನ್ ರಾಳದ ಲೆಕ್ಕ ಪೈನ್ ರಾಳ ಹಾಕಿದ ಕಾಗದದಲ್ಲೇ ಪುಡಿಯಾಗುತ್ತಿದೆ ಎನ್ನಿ. ಇಂಥ ಪುಟಕ್ಕೆ ಸೆಲ್ಲೋ ಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಬೇಡವೇ ಬೇಡ. ಪುಸ್ತಕವನ್ನು ಪೂರ್ತಿ ಬಿಚ್ಚದೆ, ಅರ್ಧ ತೆರೆದು ಎರಡೂ ಬದಿಗೆ ದಿಂಬು ಕೊಟ್ಟು ಮೊದಲು ಫೋಟೋ ತೆಗೆದುಕೊಳ್ಳಿ, ಆಮೇಲೆ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಮಲಗಿಸಿಡಿ.