ಟಿಬಿ ಬ್ಯಾಕ್ಟೀರಿಯಾ ಏನು ತಿನ್ನುತ್ತದೆ?

ಟಿಬಿ ಮಾತ್ರೆ ಶುರುಮಾಡಿದ ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ಊಟ ಸೇರುತ್ತದೆ, ಮೈ ತುಂಬಿಕೊಳ್ಳುತ್ತದೆ. ಇನ್ನೂ ನಾಲ್ಕು ತಿಂಗಳು ಮಾತ್ರೆ ಯಾಕೆ? ಸುಮ್ನೆ ಕೊಡುತ್ತಾರೆ ಅಂದುಕೊಂಡು ಅರ್ಧಕ್ಕೇ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಬೆಳೆಯುತ್ತಿದ್ದ ಬ್ಯಾಕ್ಟೀರಿಯಾಗಳು ಹೆಚ್ಚುಕಮ್ಮಿ ಸತ್ತಿರುತ್ತವೆ, ನಿಜ. ಬೆಳವಣಿಗೆ ನಿಲ್ಲಿಸಿ ಅಡಗಿ ಕೂತವು ಉಳಿದಿರುತ್ತವೆ.

1952ರಲ್ಲಿ ಬಂದ ಟಿಬಿ ಔಷಧಿ ಐಸೋನಿಯಾಜಿಡ್, ಬ್ಯಾಕ್ಟೀರಿಯಾದ ಹೊರಗೋಡೆಗೆ ಬೇಕಾದ ಮೈಕಾಲಿಕ್ ಆಮ್ಲ ತಯಾರಾಗಲು ಬಿಡುವುದಿಲ್ಲ. ಆದರೆ ಬೆಳೆಯದೇ ಕೂತ ಬ್ಯಾಕ್ಟೀರಿಯಾಕ್ಕೆ ಹೊಸ ಗೋಡೆಯ ಗೊಡವೆಯೇ ಇಲ್ಲ. ಹಾಗಂತ ಅದು ಉಪವಾಸ ಇರೋಕಾಗುತ್ತದೆಯೇ? ಜೀವ ಹಿಡಿದುಕೊಳ್ಳಲು ಅದಕ್ಕೂ ಶಕ್ತಿ ಬೇಕು, ಅಲ್ವಾ?

1956ರಲ್ಲೇ ಸೆಗಲ್ ಮತ್ತು ಬ್ಲಾಕ್ ಎಂಬ ವಿಜ್ಞಾನಿಗಳು ಒಂದು ಸೊಗಸಾದ ಪ್ರಯೋಗ ಮಾಡಿದ್ದರು. ಸೋಂಕು ತಗುಲಿದ ಇಲಿಗಳ ಶ್ವಾಸಕೋಶದಿಂದ ಬ್ಯಾಕ್ಟೀರಿಯಾ ತೆಗೆದು ಆಹಾರ ಕೊಟ್ಟು ನೋಡಿದರು. ಸಕ್ಕರೆ ಕೊಟ್ಟರೆ ಅದರ ಉಸಿರಾಟ, ಅಂದರೆ ಆಹಾರ ಉರಿಸಿ ಶಕ್ತಿ ಪಡೆಯುವ ಕೆಲಸ, ಏರಲಿಲ್ಲ. ಕೊಬ್ಬಿನ ಆಮ್ಲ ಕೊಟ್ಟಾಗ ಏರಿತು. ನಮ್ಮ ಮೈಯೊಳಗೂ ಅದರ ಮುಖ್ಯ ಊಟ ಕೊಬ್ಬು, ಕೊಲೆಸ್ಟರಾಲ್.

ಕೊಬ್ಬನ್ನೇ ನಂಬಿ ಬದುಕಲು ಅದಕ್ಕೆ ಐಸೋಸಿಟ್ರೇಟ್ ಲಯೇಸ್ ಎಂಬ ಕಿಣ್ವ ಬೇಕು. ಮನುಷ್ಯರಲ್ಲಿ ಈ ದಾರಿಯೇ ಇಲ್ಲ, ಹಾಗಾಗಿ ಔಷಧಿಗೆ ಇದು ಒಳ್ಳೆಯ ಗುರಿ. ಇದರ ಎರಡೂ ಬಗೆಗಳನ್ನು ತೆಗೆದುಹಾಕಿದ ಬ್ಯಾಕ್ಟೀರಿಯಾ ಇಲಿಯಲ್ಲಿ ನೆಲೆಯೂರಲಿಲ್ಲ ಎಂದು 2005ರಲ್ಲಿ ಗೊತ್ತಾಯಿತು. ಆದರೆ ಕಿಣ್ವ ಕೆಲಸ ಮಾಡುವ ಜಾಗ ತೀರಾ ಕಿರಿದು. ಅಲ್ಲಿ ಕೂರುವಂಥ ಔಷಧಿ ಮಾಡೋದು ಕಷ್ಟವಾಗಿದೆ.

ಗೆದ್ದದ್ದು ಇನ್ನೊಂದು ದಾರಿ. ಬ್ಯಾಕ್ಟೀರಿಯಾದ ಪೊರೆಯಲ್ಲಿ ಎಟಿಪಿ ಸಿಂಥೇಸ್ ಎಂಬ ಯಂತ್ರವಿದೆ. ಅಣೆಕಟ್ಟಿನ ನೀರು ಟರ್ಬೈನ್ ತಿರುಗಿಸುವಂತೆ, ಹೊರಗೆ ಒತ್ತರಿಸಿ ನಿಂತ ಪ್ರೋಟಾನ್‌ಗಳು ಒಳಗೆ ನುಗ್ಗುವಾಗ ಅದರ ಚಕ್ರ ತಿರುಗುತ್ತದೆ. ಪ್ರತಿ ಸುತ್ತಿಗೂ ಎಟಿಪಿ, ಅಂದರೆ ಜೀವಕೋಶ ಖರ್ಚು ಮಾಡುವ ಶಕ್ತಿ, ತಯಾರಾಗುತ್ತದೆ. ಬೆಡಾಕ್ವಿಲಿನ್ ಎಂಬ ಔಷಧಿ ನೇರವಾಗಿ ಈ ಚಕ್ರಕ್ಕೇ ಅಂಟಿ ಅದನ್ನು ನಿಲ್ಲಿಸುತ್ತದೆ. ಅಡಗಿ ಕೂತ ಬ್ಯಾಕ್ಟೀರಿಯಾಕ್ಕೂ ಇದರಿಂದ ತಪ್ಪಿಸಿಕೊಳ್ಳೋದು ಕಷ್ಟ. ಇಂಥದೇ ಯಂತ್ರ ನಮ್ಮಲ್ಲೂ ಇದೆ. ಅದನ್ನು ತಡೆಯಲು ಸುಮಾರು 20,000 ಪಟ್ಟು ಜಾಸ್ತಿ ಔಷಧಿ ಬೇಕು. ಆದರೂ ಹೃದಯದ ಬಡಿತದ ಮೇಲೆ ಪರಿಣಾಮ ಆಗಬಹುದು, ಅದಕ್ಕೇ ಇಸಿಜಿ ಮಾಡಿಸುತ್ತಾರೆ. 2012ರ ಡಿಸೆಂಬರ್‌ನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮಾಮೂಲಿ ಔಷಧಿಗೆ ಬಗ್ಗದ ಟಿಬಿಗೆ ಇದನ್ನು ಸೇರಿಸಿದ ಆರು ತಿಂಗಳ ಚಿಕಿತ್ಸೆಗೆ ಭಾರತ 2024ರಲ್ಲಿ ಒಪ್ಪಿತು.

ಊಟದ ಪ್ರಶ್ನೆ ಇಲ್ಲೂ ಬಂತು. ಬೆಡಾಕ್ವಿಲಿನ್ ಕೊಟ್ಟ ಮೊದಲ ಕೆಲವು ದಿನ ಬ್ಯಾಕ್ಟೀರಿಯಾ ಸಾಯುವುದಿಲ್ಲ, ತನ್ನ ಚಯಾಪಚಯ ಬದಲಿಸಿಕೊಂಡು ತಡೆದುಕೊಳ್ಳುತ್ತದೆ. ಆದರೆ ಲ್ಯಾಬಿನಲ್ಲಿ ಕೊಬ್ಬು ತಿನ್ನಿಸಿ ಬೆಳೆಸಿದರೆ ಬೇಗ ಸಾಯುತ್ತದೆ. ಸಕ್ಕರೆ ಕೊಟ್ಟು ಬೆಳೆಸಿದ ಬ್ಯಾಕ್ಟೀರಿಯಾದ ಮೇಲಷ್ಟೇ ಔಷಧಿ ಪರೀಕ್ಷಿಸಿದರೆ ಒಳ್ಳೆಯ ಮದ್ದೂ ಕೈತಪ್ಪಬಹುದು.